ಕುಕ್ಕುಟಾಸ್ತರಣ ಮೀಮಾಂಸೆ: ಒಂದು ಬಹುಶಿಸ್ತೀಯ ಪ್ರವೇಶಿಕೆ

ಅಧ್ಯಾಯ 1: ಸಮಸ್ಯೆಯ ಸಮಸ್ಯೀಕರಣ

ಹಿತ್ತಲಲ್ಲಿ ಹತ್ತು ಕೋಳಿ ಕೂಡುವ ಗೂಡಿನ ನೆಲಕ್ಕೆ ಏನು ಹಾಸಬೇಕು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸರಳವಾಗಿ ಕಾಣುತ್ತದೆ. ಸರಳವಾದ ಪ್ರಶ್ನೆಗಳಿಂದ ವಿದ್ವತ್ತಿಗೆ ಆಗಿರುವ ನಷ್ಟ ಅಷ್ಟಿಷ್ಟಲ್ಲ. ಆದಕಾರಣ ಪ್ರಸ್ತುತ ಪ್ರಬಂಧವು ಈ ಪ್ರಶ್ನೆಯನ್ನು ಮೊದಲು ಸಮಸ್ಯೀಕರಿಸಿ, ಆಮೇಲೆ ಸಂಕೀರ್ಣಗೊಳಿಸಿ, ಅಂತಿಮವಾಗಿ 'ಈ ದಿಸೆಯಲ್ಲಿ ಹೆಚ್ಚಿನ ಅಧ್ಯಯನಗಳು ನಡೆಯಬೇಕಾದ ಅಗತ್ಯವಿದೆ' ಎಂಬ ಸರ್ವಸಮ್ಮತ ತಂಗುದಾಣಕ್ಕೆ ತಲುಪಿಸುವ ಆಶಯ ಹೊಂದಿದೆ.

ಮೊದಲಿಗೆ ಪರಿಭಾಷೆ. ಇಲ್ಲಿಂದ ಮುಂದೆ ಗೂಡಿನ ಹಾಸನ್ನು 'ಕುಕ್ಕುಟಾಸ್ತರಣ' ಎಂದೂ, ಹೊಟ್ಟನ್ನು 'ತುಷಾತ್ಮಕ ಆಧಾರದ್ರವ್ಯ' ಎಂದೂ, ಹಿಕ್ಕೆಯನ್ನು 'ವಿಸರ್ಜನೋತ್ತರ ಪಠ್ಯ' ಎಂದೂ, ಕೋಳಿಯನ್ನು 'ಫಲಾನುಭವಿ' ಎಂದೂ ಕರೆಯಲಾಗುವುದು. ಗೂಡನ್ನು ಮಾತ್ರ ಗೂಡು ಎಂದೇ ಕರೆಯಬೇಕಾಗಿ ಬಂದಿರುವುದಕ್ಕೆ ವಿಷಾದವಿದೆ. 'ಕುಕ್ಕುಟಾವಾಸ ಪರಿಸರ' ಎಂಬ ಪದಕ್ಕೆ ಮಾರ್ಗದರ್ಶಕರ ಒಪ್ಪಿಗೆ ದೊರೆತಿತ್ತು. ಆದರೆ ಅದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದಾಗ ಎದ್ದ ನಗೆ ಅಧ್ಯಯನದ ಗಾಂಭೀರ್ಯಕ್ಕೆ ಧಕ್ಕೆ ತಂದಿತು.

ಅಧ್ಯಯನದ ವ್ಯಾಪ್ತಿ: ತಿಪಟೂರು, ಅರಸೀಕೆರೆ ಕಡೆಯ ತೆಂಗು-ರಾಗಿಯ ಸೀಮೆ. ಕಾಲಘಟ್ಟ: ಊರಿನಲ್ಲಿ ಕಣಗಳಿದ್ದ ಕಾಲದಿಂದ ಇಲ್ಲವಾದ ಕಾಲದವರೆಗೆ. ಮಿತಿಗಳು: ಫಲಾನುಭವಿಗಳ ಅಭಿಪ್ರಾಯ ಪಡೆಯಲು ಗೂಡಿನಲ್ಲಿ ಪ್ರಶ್ನಾವಳಿ ಹಂಚಲಾಗಿತ್ತು. ಅವು ಅದನ್ನು ಕೆದಕಿ, ಮೇಲೆ ನಿಂತು, ತಮ್ಮ ಪ್ರತಿಕ್ರಿಯೆಯನ್ನು ದಾಖಲಿಸಿದವು. (ಪ್ರತಿಕ್ರಿಯೆಯ ವಿಶ್ಲೇಷಣೆಗೆ ಆರನೆಯ ಅಧ್ಯಾಯ ನೋಡುವುದು. ಆರನೆಯ ಅಧ್ಯಾಯ ಬರೆದಿಲ್ಲ.)

ಅಧ್ಯಾಯ 2: ಪೂರ್ವಸೂರಿಗಳ ಸಮೀಕ್ಷೆ

ಹಳೆಯ ಹಾಸನ್ನು ಬಾಚಿ ಬಿಸಾಡಿ ಹೊಸದನ್ನು ಹರಡುವುದೇ ಶುಚಿತ್ವ ಎಂದು ಕೋಳಿ ಸಾಕುವವರು ಬಹುಕಾಲ ನಂಬಿದ್ದರು. 1940ರ ದಶಕದಲ್ಲಿ ಅಮೆರಿಕದ ಒಹಾಯೊ ಕೃಷಿ ಪ್ರಯೋಗ ಕೇಂದ್ರದ ಕೆನಾರ್ಡ್ ಮತ್ತು ಚೇಂಬರ್ಲಿನ್ ಇದನ್ನು ತಿರುಗಿಸಿ ನೋಡಿದರು. ಹಾಸನ್ನು ತೆಗೆಯದೆ, ಮೇಲೆ ಮೇಲೆ ಹೊಸ ಪದರ ಸೇರಿಸುತ್ತ, ತಿರುವುತ್ತ ಹೋದರೆ ಮರಿಗಳು ಹೊಸ ಹಾಸಿನ ಮೇಲಿನವಕ್ಕಿಂತ ಚೆನ್ನಾಗಿಯೇ ಬದುಕುತ್ತವೆ ಎಂದು ತೋರಿಸಿದರು. ಒಣಗಿದ ಹಳೆಯ ಹಾಸಿನಲ್ಲಿ ಸೂಕ್ಷ್ಮಜೀವಿಗಳು ಮನೆ ಮಾಡಿ ಹಿಕ್ಕೆಯನ್ನು ಅರಗಿಸುತ್ತವೆ. ಕೆದಕಿ ತಿನ್ನುವ ಕೋಳಿಗೆ ಅಲ್ಲಿ ಬಿ12 ಜೀವಸತ್ವವೂ ಸಿಗುತ್ತದೆ. ಆ ಜೀವಸತ್ವವನ್ನು ವಿಜ್ಞಾನಿಗಳು ಬೇರ್ಪಡಿಸಿ ತೆಗೆದದ್ದೇ 1948ರಲ್ಲಿ. ಕೋಳಿ ಅದಕ್ಕೂ ಮೊದಲೇ ಕೆದಕಿ ತೆಗೆದಿತ್ತು.

ತಾತ್ವಿಕವಾಗಿ ನೋಡಿದರೆ, ಇಲ್ಲಿ ಆಸ್ತರಣವು ಎಂದಿಗೂ ಪೂರ್ಣಗೊಳ್ಳದ, ಪ್ರತಿ ಪದರದಲ್ಲೂ ತನ್ನ ಅರ್ಥವನ್ನು ಮುಂದಿನ ಪದರಕ್ಕೆ ಮುಂದೂಡುವ, ಕೇಂದ್ರವಿಲ್ಲದ ಪಠ್ಯವಾಗುತ್ತದೆ. ಫಲಾನುಭವಿಯು ಓದುಗ, ಲೇಖಕ ಎರಡೂ ಆಗಿ ಈ ಪಠ್ಯವನ್ನು ಕಾಲಿನಿಂದ ನಿರಚನೆಗೊಳಿಸುತ್ತದೆ. ಈ ವಾಕ್ಯಕ್ಕೆ ಒಂದು ವಿಚಾರ ಸಂಕಿರಣದಲ್ಲಿ ಚಪ್ಪಾಳೆ ಬಿದ್ದಿತೆಂಬುದನ್ನು ವಿನಮ್ರವಾಗಿ ನಮೂದಿಸಬಯಸುತ್ತೇನೆ. ಪ್ರಶ್ನೋತ್ತರದಲ್ಲಿ ಹಿರಿಯರೊಬ್ಬರು ಎದ್ದು, ತಮ್ಮದು ಪ್ರಶ್ನೆಯಲ್ಲ ಅಭಿಪ್ರಾಯ ಎಂದು ತಿಳಿಸಿ, ಊಟದ ಗಂಟೆಯವರೆಗೂ ಮಾತನಾಡಿದರು. ಕೋಳಿಯ ಪ್ರಸ್ತಾಪ ಮತ್ತೆ ಬಂದದ್ದು ಊಟದಲ್ಲಿ.

ಈ ಪದ್ಧತಿ 'ಡೀಪ್ ಲಿಟ್ಟರ್' ಎಂಬ ಹೆಸರಿನಲ್ಲಿ ನಮ್ಮ ಕೈಪಿಡಿಗಳನ್ನೂ ಹೊಕ್ಕಿತು. ಮೊಟ್ಟೆ ಕೋಳಿಗೆ ತಲಾ 2 ಚದರಡಿ ಜಾಗ, 4ರಿಂದ 6 ಇಂಚು ದಪ್ಪದ ಹಾಸು. ಮಾಂಸದ ಕೋಳಿಗೆ 1 ಚದರಡಿ, 2ರಿಂದ 3 ಇಂಚು. ಲೆಕ್ಕವೇನೋ ಸರಿ. ಆದರೆ ಅದು ಹಗಲೂ ರಾತ್ರಿ ಶೆಡ್ಡಿನಲ್ಲೇ ಕೂಡಿಟ್ಟ ಕೋಳಿಯ ಲೆಕ್ಕ. ಹಿತ್ತಲ ಕೋಳಿ ಬೆಳಕು ಹರಿಯುತ್ತಲೇ ತಿಪ್ಪೆಗೆ ಹೋಗಿ, ಕತ್ತಲಿಗೆ ಮುಂಚೆ ಬಂದು ಅಡ್ಡಗಳುವಿನ ಮೇಲೆ ಕೂರುತ್ತದೆ. ಅದಕ್ಕೆ ಹಾಸು ರಾತ್ರಿಯ ಪ್ರಶ್ನೆ ಮಾತ್ರ, ಅದರಲ್ಲೂ ಗಳುವಿನ ನೇರ ಕೆಳಗಿನ ಒಂದು ಪಟ್ಟೆಯ ಪ್ರಶ್ನೆ. ಆ ಪಟ್ಟೆಗೆ ಒಂದು ಹಳೇ ಗೋಣಿಚೀಲ ಹಾಸಿ ಬೆಳಗ್ಗೆ ಕೊಡವಿದರೆ ಅರ್ಧ ಶಾಸ್ತ್ರ ಮುಗಿಯಿತು. ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜನಂಥ ಮೈಭಾರದ ಕೋಳಿ ಗಳುವಿಗೆ ಹಾರುವ ಗೋಜಿಗೆ ಹೋಗದೆ ನೆಲದಲ್ಲೇ ಕುಕ್ಕರಿಸುವುದುಂಟು; ಅಂಥದ್ದಿದ್ದರೆ ಮಾತ್ರ ಹಾಸಿಗೆ ತುಸು ಹೆಚ್ಚು ಗಮನ ಬೇಕು. ಇಷ್ಟನ್ನು ಹೇಳಲು ನನಗೆ ಎರಡು ಅಧ್ಯಾಯ ಹಿಡಿಯಿತು ಎಂಬುದೇ ಈ ಪ್ರಬಂಧದ ಶಾಸ್ತ್ರೀಯತೆಗೆ ಸಾಕ್ಷಿ.

ಅಧ್ಯಾಯ 3: ಷಡ್ವಿಧ ಆಸ್ತರಣಗಳು ಹಾಗೂ ಅವುಗಳ ಹದಿನೆಂಟು ಉಪಭೇದಗಳು

ಆಸ್ತರಣವು ತುಷಜ, ಕಾಷ್ಠಜ, ನಾರಿಕೇಲಜ, ಪರ್ಣಜ, ಭಸ್ಮಜ ಮತ್ತು ಸಂಕೀರ್ಣ ಎಂದು ಆರು ಬಗೆ. ಪ್ರತಿಯೊಂದೂ ದ್ರವ್ಯ, ಗುಣ, ಕರ್ಮಗಳ ನೆಲೆಯಲ್ಲಿ ಮೂರಾಗಿ ಒಡೆದು ಒಟ್ಟು ಹದಿನೆಂಟು.

3.1. ತುಷಜ. ಇದರಲ್ಲಿ ವ್ರೀಹಿತುಷ (ಭತ್ತದ ಹೊಟ್ಟು), ರಾಗಿತುಷ, ಭೂಶಿಂಬಿತ್ವಕ್ (ಕಡಲೆಕಾಯಿ ಸಿಪ್ಪೆ) ಎಂದು ಪ್ರಭೇದಗಳಿವೆ. ದ್ರವ್ಯತಃ ವ್ರೀಹಿತುಷವು ಒರಟು, ಗುಣತಃ ಲಘು, ಕರ್ಮತಃ ಗಾಳಿಯಾಡಿಸುವಂಥದ್ದು. ಭತ್ತದ ಹೊಟ್ಟು ತೇವವನ್ನು ಹೆಚ್ಚು ಕುಡಿಯುವುದಿಲ್ಲ, ಆದರೆ ಬೇಗ ಒಣಗುತ್ತದೆ, ಬೇಗ ಕೊಳೆಯುವುದಿಲ್ಲ. ಹೀಗಾಗಿ ವರ್ಗೀಕರಣದಲ್ಲಿ ಇದಕ್ಕೆ ಅಗ್ರಪೀಠ. ಕಡಲೆಕಾಯಿ ಸಿಪ್ಪೆ ಚಳ್ಳಕೆರೆ, ಪಾವಗಡ ಕಡೆಯವರಿಗೆ ಸುಲಭ. ಆದರೆ ನೆಂದ ಸಿಪ್ಪೆಗೆ ಬೂಷ್ಟು ಹಿಡಿಯುತ್ತದೆ, ಬೂಷ್ಟಿನ ಪುಡಿ ಮರಿಗಳ ಶ್ವಾಸಕೋಶಕ್ಕೆ ಇಳಿದರೆ ಬಾಯಿ ತೆರೆದು ಏದುಸಿರು ಬಿಡುತ್ತ ಸಾಯುತ್ತವೆ. ಬೂಷ್ಟು ಹಿಡಿದದ್ದು ಎಷ್ಟು ಅಗ್ಗಕ್ಕೆ ಸಿಕ್ಕರೂ ಗೂಡಿಗೆ ಬೇಡ.

3.2. ಕಾಷ್ಠಜ. ಮರದ ಮಿಲ್ಲಿನ ಹೆರೆ ಒಳ್ಳೆಯದು. ನುಣ್ಣನೆಯ ಗರಗಸದ ಪುಡಿಯನ್ನು ಎಳೆಮರಿಗಳು ಕಾಳೆಂದು ತಿಂದು ಗುಟಕು ಕಟ್ಟಿಕೊಳ್ಳುತ್ತವೆ. ಮೊದಲ ದಿನಗಳಲ್ಲಿ ಮೇಲೊಂದು ಕಾಗದ ಹಾಸುವ ಪದ್ಧತಿ ಇದೆ. ಆದರೆ ಬರಿಯ ನುಣುಪು ಕಾಗದದ ಮೇಲೆ ನಡೆಯುವ ಮರಿಯ ಕಾಲು ಎರಡೂ ಬದಿಗೆ ಜಾರಿ ಸೊಟ್ಟಗಾಗುತ್ತದೆ. ಗುಣತಃ, ಕರ್ಮತಃ ಇತ್ಯಾದಿಗಳನ್ನು ಓದುಗರು ಊಹಿಸಿಕೊಳ್ಳುವುದು.

3.3. ನಾರಿಕೇಲಜ. ನಮ್ಮ ಕಡೆ ನಾರಿನ ಫ್ಯಾಕ್ಟರಿಗಳ ಪಕ್ಕ ಗುಡ್ಡ ಬಿದ್ದಿರುತ್ತಿದ್ದ ಕಾಯಿನಾರಿನ ಪುಡಿ. ಹೀರುವುದರಲ್ಲಿ ಇದನ್ನು ಮೀರಿಸಿದ್ದಿಲ್ಲ, ಒಣಗುವುದರಲ್ಲಿ ಇದರಷ್ಟು ಸೋಮಾರಿಯೂ ಇಲ್ಲ. ಬೇಸಗೆಗೆ ಸೈ, ಮಳೆಗಾಲಕ್ಕೆ ಬೇಡ.

3.4ರಿಂದ 3.6. ಎಲೆ ಅಂದರೆ ಎಲೆ, ಬೂದಿ ಅಂದರೆ ಬೂದಿ. ಮಲೆನಾಡು, ಕರಾವಳಿಗಳಲ್ಲಿ ತರಗೆಲೆ ಗುಡಿಸಿ ತಂದು ಹಾಸುತ್ತಾರೆ, ಕೋಳಿಗೆ ಕೆದಕಲು ಖುಷಿ, ಬೇಗ ಪುಡಿಯಾಗುತ್ತದೆ. ಒಲೆಯ ಬೂದಿ ತೇವ ಎಳೆಯುತ್ತದೆ, ಹೇನು ಕೂರಗೊಡುವುದಿಲ್ಲ. ಬೂದಿಯಲ್ಲಿ ಹೊರಳಾಡಲು ಕೋಳಿಗೆ ಯಾರೂ ಕಲಿಸಬೇಕಿಲ್ಲ. ಇನ್ನುಳಿದ ಉಪಭೇದಗಳನ್ನು ಕೈಬಿಡಲಾಗಿದೆ. ಹದಿನೆಂಟು ಎಂದು ಮೊದಲೇ ಹೇಳಿಬಿಟ್ಟಿದ್ದರಿಂದ ಪರಿವಿಡಿಯಲ್ಲಿ ಹದಿನೆಂಟೂ ಉಳಿದಿವೆ.

ಅಧ್ಯಾಯ 4: ಆರ್ದ್ರತಾ ಸಿದ್ಧಾಂತ

ಏನು ಹಾಸಿದೆ ಎಂಬುದಕ್ಕಿಂತ ಹಾಸಿದ್ದು ಎಷ್ಟು ಒಣಗಿದೆ ಎಂಬುದು ದೊಡ್ಡದು. ಹಿಕ್ಕೆಯ ತುದಿಯಲ್ಲಿ ಕಾಣುವ ಬಿಳಿ ಯೂರಿಕ್ ಆಮ್ಲ. ಕೋಳಿಗೆ ಬೇರೆ ಮೂತ್ರವಿಲ್ಲ. ತೇವವಿದ್ದಲ್ಲಿ ಸೂಕ್ಷ್ಮಜೀವಿಗಳು ಅದನ್ನು ಒಡೆದು ಅಮೋನಿಯ ಮಾಡುತ್ತವೆ. ಗಾಳಿಯಲ್ಲಿ ಅದು 25 ಪಿಪಿಎಂ ದಾಟಕೂಡದು ಎನ್ನುತ್ತವೆ ಕೈಪಿಡಿಗಳು. ದಾಟಿದರೆ ಕಣ್ಣು ಉರಿ, ಶ್ವಾಸನಾಳ ಹಾಳು, ಮೊಟ್ಟೆ ಕಡಿಮೆ. ರಕ್ತಭೇದಿ ತರುವ ಕಾಕ್ಸಿಡಿಯ ಪರೋಪಜೀವಿಯ ಮೊಟ್ಟೆಗಳಂಥ ಕಣಗಳು ಹಿಕ್ಕೆಯಲ್ಲಿ ಬಿದ್ದಾಗ ನಿರುಪದ್ರವಿ; ಬೆಚ್ಚನೆಯ ಒದ್ದೆ ಹಾಸು ಸಿಕ್ಕಿತೋ, ಒಂದೆರಡು ದಿನದಲ್ಲೇ ಬಲಿತು ರೋಗ ಹಚ್ಚುವ ಸ್ಥಿತಿಗೆ ಬರುತ್ತವೆ. ಹಾಗೆಂದು ಗೂಡಿನ ಎಲ್ಲ ಸಾವನ್ನೂ ಹಾಸಿನ ತಲೆಗೆ ಕಟ್ಟುವುದು ತಪ್ಪು. ಕೊಕ್ಕರೆ ರೋಗ ವೈರಸ್ಸಿನದು. ಅದಕ್ಕೆ ಲಸಿಕೆ ಬೇಕು, ರೇಷ್ಮೆ ಹಾಸಿದರೂ ನಿಲ್ಲುವುದಿಲ್ಲ.

ತೇವ ಪರೀಕ್ಷೆಗೆ ಪ್ರಸ್ತುತ ಸಂಶೋಧಕನು ರಚಿಸಿದ ಮುಷ್ಟಿಸೂತ್ರ ಹೀಗಿದೆ: ಹಿಡಿದರೆ ಉಂಡೆ, ಬಿಟ್ಟರೆ ಪುಡಿ, ಇತಿ ಸಮ್ಯಕ್. ಭಾಷ್ಯ: ಒಂದು ಹಿಡಿ ಹಾಸನ್ನು ಮುಷ್ಟಿಯಲ್ಲಿ ಹಿಚುಕಬೇಕು. ಉಂಡೆ ಉಂಡೆಯಾಗಿಯೇ ಉಳಿದರೆ ಒದ್ದೆ ಹೆಚ್ಚಾಗಿದೆ. ಉಂಡೆ ಕಟ್ಟದೇ ಇದ್ದರೆ ತೀರ ಒಣಗಿ ಧೂಳಾಗಿದೆ. ಕಟ್ಟಿದ್ದು ಮೆಲ್ಲಗೆ ಬಿರಿದು ಉದುರಿದರೆ ಸರಿಯಾಗಿದೆ. ಸೂತ್ರದ ಮೇಲೆ ಭಾಷ್ಯ, ಭಾಷ್ಯದ ಮೇಲೆ ವಾರ್ತಿಕ, ಟೀಕೆಗಳು ಬರಬೇಕಿವೆ. ಆದರೆ ಮುಷ್ಟಿಸೂತ್ರವನ್ನು ಪರಿಶೀಲನಾ ಸಮಿತಿಯ ಸದಸ್ಯರು ಸ್ವತಃ ಪ್ರಯೋಗಿಸಿ ನೋಡಲು ಒಪ್ಪಲಿಲ್ಲ.

ಸುಣ್ಣದ ವಿಷಯದಲ್ಲಿ ಮಾತ್ರ ಎಚ್ಚರ ಹೇಳಲೇಬೇಕು. ಸುಣ್ಣದ ಪುಡಿ ತೇವ ಎಳೆಯುತ್ತದೆ, ನಿಜ. ಆದರೆ ಅದು ಕ್ಷಾರ. ಹಿಕ್ಕೆ ತುಂಬಿದ ಹಾಸಿಗೆ ಕ್ಷಾರ ಬಿದ್ದರೆ ಒಳಗಿದ್ದ ಅಮೋನಿಯ ಇನ್ನೂ ಸಲೀಸಾಗಿ ಮೇಲೆದ್ದು ಹಾರುತ್ತದೆ. ಗೂಡು ಖಾಲಿ ಮಾಡಿದಾಗ ಬರಿ ನೆಲಕ್ಕೆ, ಗೋಡೆಯ ಸಂದಿಗಳಿಗೆ ಸುಣ್ಣ ಬಳಿಯುವುದು ಒಳ್ಳೆಯದು. ಕೋಳಿಗಳನ್ನು ಒಳಗೆ ಕೂಡಿ, ಒದ್ದೆ ಹಿಕ್ಕೆಯ ಮೇಲೆ ಸುಣ್ಣ ಎರಚಿ, ಬಾಗಿಲು ಹಾಕುವುದು ಒಳ್ಳೆಯದಲ್ಲ.

ಅಧ್ಯಾಯ 5: ಕ್ಷೇತ್ರಕಾರ್ಯ

ವಕ್ತೃ: ಮಹಿಳೆ. ವಯಸ್ಸು: ಇಂದಿರಾಗಾಂಧಿ ಚಿಕ್ಕಮಗಳೂರಿನಲ್ಲಿ ಚುನಾವಣೆಗೆ ನಿಂತ ವರ್ಷ (1978) ಎರಡನೇ ಮಗು ಎದೆಹಾಲು ಬಿಟ್ಟಿತ್ತು. ಶಿಕ್ಷಣ: ಇಲ್ಲ ಎಂದರು, ಸಂಶೋಧಕ ಬರೆದುಕೊಂಡ. ಮಾಹಿತಿ ಸಂಗ್ರಹಿಸಿದ ಸ್ಥಳ: ಗೂಡಿನ ಮುಂದೆ, ವಕ್ತೃ ಗೂಡಿನೊಳಗೆ, ಸಂಶೋಧಕ ಹೊರಗೆ.

ಪ್ರಶ್ನೆ: ಅವ್ವ, ಗೂಡಿಗೆ ಹಾಸೋ ವಸ್ತುವನ್ನ ಯಾವ ಮಾನದಂಡದ ಮೇಲೆ ಆಯ್ಕೆ ಮಾಡ್ತೀರಿ?

ಉತ್ತರ: ಇದ್ದಿದ್ದು ಹಾಕ್ತೀವಿ ಕಣಪ್ಪ. ಇಲ್ದಿದ್ದು ಎಲ್ಲಿಂದ ತರಾನ?

ಪ್ರಶ್ನೆ: ಬದಲಿಸಬೇಕು ಅಂತ ಹೆಂಗೆ ಗೊತ್ತಾಗುತ್ತೆ?

ಉತ್ತರ: ನಾತ ಬಂತು ಅಂದ್ರೆ ಆಗ್ಲೇ ತಡ ಆಯ್ತು ಅಂತ. ನಿಂತ್ಕಂಡು ಮೂಸಿದ್ರೆ ಏನ್ ತಿಳೀತದೆ, ಕೋಳಿ ಎತ್ತರಕ್ಕೆ ಬಗ್ಗಿ ಮೂಸು. ಬಗ್ಗು, ಬಗ್ಗು. ಇನ್ನೂ ಬಗ್ಗು.

ಈ ಎರಡು ಉತ್ತರಗಳಲ್ಲಿ ಹಿಂದಿನ ನಾಲ್ಕೂ ಅಧ್ಯಾಯಗಳು ಮುಗಿದುಹೋಗಿದ್ದರಿಂದ ಸಂದರ್ಶನವನ್ನು ಅಪೂರ್ಣವೆಂದು ಘೋಷಿಸಲಾಯಿತು. ಆದರೂ ಅವರು ಹೇಳಿದ್ದರಲ್ಲಿ ಒಂದಿಷ್ಟನ್ನು ದಾಖಲಿಸುತ್ತೇನೆ. ಹಳೆಯ ಮನೆಗಳಲ್ಲಿ ಜಗಲಿಯ ಕೆಳಗೆ ಕಟ್ಟಿದ, ಚಪ್ಪಡಿ ಮುಚ್ಚುವ ಗೂಡಿಗೆ ದಪ್ಪ ಹಾಸು ಆಗಿಬರುವುದಿಲ್ಲ. ಅಲ್ಲಿ ಗಾಳಿಯಿಲ್ಲ, ಹಾಕಿದ್ದೆಲ್ಲ ಮುಗ್ಗುತ್ತದೆ. ಅಂಥ ಗೂಡಿಗೆ ತೆಳ್ಳಗೆ ಬೂದಿ, ದಿನಾ ಬೆಳಗ್ಗೆ ಗೋರುವುದು, ಅಷ್ಟೇ. ಮೇಲೆ ಜಾಲರಿ ಇರುವ ಗೂಡಾದರೆ ಹೊಟ್ಟು ದಪ್ಪಗೆ ಹಾಕಿ ಎರಡು ಮೂರು ದಿನಕ್ಕೊಮ್ಮೆ ತಿರುವಬಹುದು. ಎರಡು ಹಿಡಿ ರಾಗಿ ಎರಚಿದರೆ ಅರ್ಧ ಕೆಲಸ ಕೋಳಿಯೇ ಮಾಡುತ್ತದೆ. ನೀರಿನ ಬಟ್ಟಲು ಗೂಡಿನೊಳಗೆ ಇಡಬಾರದು. ಒದ್ದೆಯ ಮುಕ್ಕಾಲು ಪಾಲು ಅದರದೇ. ಕಾವಿಗೆ ಕೂರಿಸುವ ಬುಟ್ಟಿಯ ಲೆಕ್ಕ ಬೇರೆ: ತಳಕ್ಕೆ ಮರಳು, ಮೇಲೆ ಹೊಟ್ಟು, 21 ದಿನ ಅದನ್ನು ಯಾರೂ ಕದಲಿಸಕೂಡದು. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಕಬ್ಬಿಣದ ಚೂರು ಇಡುವುದೂ ಉಂಟು. ಗುಡುಗಿಗೂ ಕಬ್ಬಿಣಕ್ಕೂ ಏನು ಸಂಬಂಧ ಎಂದು ಕೇಳಿದ್ದಕ್ಕೆ, 'ನಿನಗೂ ಕೋಳಿಗೂ ಏನು ಸಂಬಂಧ' ಎಂದರು.

ಅಧ್ಯಾಯ 7: ಕರ್ತೃವಿನ ಅನುಪಸ್ಥಿತಿ

'ವೈಜ್ಞಾನಿಕ ಹಿತ್ತಲ ಕೋಳಿ ಸಾಕಾಣಿಕೆ' ಎಂಬ ಒಂದು ದಿನದ ತರಬೇತಿ ಶಿಬಿರದಲ್ಲಿ ಕೂರುವ ಭಾಗ್ಯ ಈ ಸಂಶೋಧಕನಿಗೆ ದೊರೆತಿತ್ತು. ಪ್ರಾರ್ಥನೆ, ಸ್ವಾಗತ, ದೀಪ, ಹೂಗುಚ್ಛ, ಪ್ರಾಸ್ತಾವಿಕ ನುಡಿ, ಅತಿಥಿಗಳ ನುಡಿ, ಅಧ್ಯಕ್ಷರ ನುಡಿ. ಮುಂದಿನ ಸಾಲಿನಲ್ಲಿ ಗಂಡಸರು. ಹಿಂದೆ, ಫ್ಯಾನು ತಿರುಗದ ಕಡೆ, ದಿನಾ ಕೋಳಿ ಮುಚ್ಚುವ ಹೆಂಗಸರು. ಪರದೆಯ ಮೇಲೆ ಒಂದೊಂದಾಗಿ ವಾಕ್ಯಗಳು ಮೂಡಿದವು: ಹಾಸನ್ನು ವಾರಕ್ಕೆರಡು ಬಾರಿ ತಿರುವಿಹಾಕತಕ್ಕದ್ದು. ಒದ್ದೆಯಾದ ಭಾಗವನ್ನು ಕೂಡಲೇ ತೆಗೆಯಲಾಗುವುದು. ಗೂಡನ್ನು ಸದಾ ಶುಚಿಯಾಗಿಡತಕ್ಕದ್ದು.

ಯಾರು?

ಯಾರು ತಿರುವತಕ್ಕದ್ದು, ಯಾರಿಂದ ತೆಗೆಯಲಾಗುವುದು? ಮುಂದಿನ ಸಾಲಿನಲ್ಲಿ ತಲೆಯಾಡಿಸುತ್ತಿದ್ದವರಲ್ಲಿ ಗೂಡಿನೊಳಗೆ ಕೈ ಹಾಕಿದವರು ಎಷ್ಟು ಮಂದಿ? ಹುಂಜ ಹಿಡಿಯಲು ಹಾಕಿರಬಹುದು, ಅದೂ ಹಬ್ಬದ ಹಿಂದಿನ ದಿನ. ಗೂಡಿನ ನಕ್ಷೆ ತೋರಿಸಿದರು: ಬಾಗಿಲು ಒಂದೂವರೆ ಅಡಿ. ಕೋಳಿಗೆ ಒಂದೂವರೆ ಅಡಿ ಧಾರಾಳ. ಆ ಬಾಗಿಲಿನಲ್ಲಿ ತಲೆ, ಒಂದು ತೋಳು, ಮೋಟು ಪೊರಕೆ ತೂರಿಸಿ, ಸೆರಗನ್ನು ಮೂಗಿಗೆ ಕಟ್ಟಿ, ಮಂಡಿಯೂರಿ ಹಿಕ್ಕೆ ಗೋರುವವಳು ನಕ್ಷೆ ಬರೆದವನ ಲೆಕ್ಕದಲ್ಲಿ ಇರಲೇ ಇಲ್ಲ. ಕೋಳಿಯ ಕಣ್ಣಿಗೆ 25 ಪಿಪಿಎಂ ಮಿತಿ ಹೇಳಿದ ಪರದೆ ಅವಳ ಕಣ್ಣಿಗೆ ಒಂದು ಅಂಕಿಯನ್ನೂ ಹೇಳಲಿಲ್ಲ. ಶಿಬಿರದ ಕೊನೆಗೆ ಮಾಸ್ಕು ಹಂಚಲಿಲ್ಲ, ಉದ್ದ ಹಿಡಿಯ ಗೋರೆ ಹಂಚಲಿಲ್ಲ. ಹಂಚಿದ್ದು ಪ್ರಮಾಣಪತ್ರ. ಅದರ ಮೇಲೆ ಗಂಡನ ಹೆಸರನ್ನೂ ಬರೆದಿದ್ದರು.

ಹಾಸಿನ ಬೆಲೆಯ ಮಾತನ್ನೂ ಪರದೆ ಎತ್ತಲಿಲ್ಲ. ಸಗಣಿ ಸಾರಿಸಿದ ಕಣದಲ್ಲಿ ರೋಣಗಲ್ಲು ಉರುಳುತ್ತಿದ್ದಾಗ ರಾಗಿ ತೂರಿದ ಹೊಟ್ಟು ಕಣದ ಅಂಚಿಗೆ ಬೀಳುತ್ತಿತ್ತು. ಅದಕ್ಕೆ ಯಜಮಾನನಿರಲಿಲ್ಲ. ಬೇಕಾದಷ್ಟು ಮಂಕರಿಯಲ್ಲಿ ಹೊತ್ತು ಗೂಡಿಗೆ ಸುರಿಯಲು ಹೆಂಗಸರು ಯಾರನ್ನೂ ಕೇಳಬೇಕಿರಲಿಲ್ಲ. ಮೇವು ಕೋಳಿಯೇ ಹುಡುಕಿಕೊಳ್ಳುತ್ತಿತ್ತು. ಹೊಟ್ಟು ಬಿಟ್ಟಿ, ಬೂದಿ ಒಲೆಯದು. ಖರ್ಚೇ ಇಲ್ಲದ ಕಸುಬಾದ್ದರಿಂದ ಮೊಟ್ಟೆಯ ಕಾಸಿಗೂ ಲೆಕ್ಕವಿರಲಿಲ್ಲ, ಅದು ಅವಳದ್ದು. ಮಗಳ ಬಳೆ, ತವರಿನ ಬಸ್ ಚಾರ್ಜು, ಶಾಲೆಯ ಪುಸ್ತಕ, ಜಾತ್ರೆಯ ಖರ್ಚು ಅದರಲ್ಲಿ ನಡೆಯುತ್ತಿತ್ತು.

ಈಗ ರಾಗಿಯನ್ನು ಟಾರು ರಸ್ತೆಗೆ ಹಾಸುತ್ತಾರೆ, ಇಲ್ಲವೇ ಹೊಲದಲ್ಲೇ ಯಂತ್ರ ಒಕ್ಕುತ್ತದೆ. ಹೊಟ್ಟು ಗಾಳಿಗೆ ಹೋಗುತ್ತದೆ. ಭತ್ತದ ಹೊಟ್ಟು ಬಾಯ್ಲರಿಗೆ, ಇಟ್ಟಿಗೆ ಗೂಡಿಗೆ ಉರುವಲು. ಮಿಕ್ಕದ್ದು ಮೂಟೆಯ ಲೆಕ್ಕದಲ್ಲಿ ಮಾರಾಟ. ನಾರಿನ ಪುಡಿಯನ್ನು ತೊಳೆದು, ಒಣಗಿಸಿ, ಅಚ್ಚೊತ್ತಿ ಹೊರದೇಶದ ಹೂಕುಂಡಗಳಿಗೆ ಕಳಿಸುತ್ತಾರೆ. ಮನೆಯೊಳಗೆ ಗ್ಯಾಸ್ ಬಂತು, ಬರಲಿ, ಅದು ಒಳ್ಳೆಯದೇ; ಬೂದಿ ಹೋಯಿತು. ಹಾಸಿಗೆ ದುಡ್ಡು ಬೇಕಾದ ದಿನ ಗೂಡು ಮನೆಯ ಲೆಕ್ಕದ ಪುಸ್ತಕದೊಳಗೆ ಬಂತು. ಹೊಟ್ಟಿನ ಮೂಟೆಗೆ ದುಡ್ಡು ಕೊಟ್ಟವನು ಸಂಜೆ ಕೇಳುತ್ತಾನೆ: ಈ ವಾರ ಎಷ್ಟು ಮೊಟ್ಟೆ, ಯಾರಿಗೆ ಕೊಟ್ಟೆ, ದುಡ್ಡೆಲ್ಲಿ? ಕೇಳುವುದು ತಪ್ಪೆಂದು ಅವನಿಗೆ ಅನ್ನಿಸುವುದೂ ಇಲ್ಲ. ಗೋರುವ ಕೆಲಸ ಮಾತ್ರ ಲೆಕ್ಕದ ಪುಸ್ತಕಕ್ಕೆ ಬರಲಿಲ್ಲ, ಅದು ಹಾಗೆಯೇ ಅವಳ ಕೈಯಲ್ಲಿ ಉಳಿಯಿತು. ಇದನ್ನು ನಾನು ಯಾವ ಪರಿಪ್ರೇಕ್ಷ್ಯದಲ್ಲಿ, ಯಾವ ಸಂಕಥನದಲ್ಲಿ ಇಡಲಿ? 'ಲಿಂಗಾಧಾರಿತ ಶ್ರಮವಿಭಜನೆ' ಎಂದು ಬರೆದರೆ ಸಮಿತಿಗೆ ಸಂತೋಷವಾಗುತ್ತದೆ, ಬಡ್ತಿಗೆ ಅಂಕವೂ ಸಿಗುತ್ತದೆ. ಬರೆದವನು ಸಂಜೆ ಮನೆಗೆ ಹೋಗಿ ಬಾಡಿನ ಸಾರಿಗೆ ಕೂರುತ್ತಾನೆ.

ಅನುಬಂಧ

ಪ್ರಬಂಧಕ್ಕೆ ಅನುಬಂಧವಿರಬೇಕೆಂಬ ನಿಯಮದಂತೆ ಒಂದು ಗೂಡಿನ ಅಳತೆ ಕೊಡುತ್ತಿದ್ದೇನೆ. ಹಗಲು ಹೊರಗೆ ಮೇಯುವ ಹತ್ತು ಕೋಳಿಗೆ 5 ಅಡಿ ಉದ್ದ, 3 ಅಡಿ ಅಗಲ ಸಾಕು. ನೆಲ ಭೂಮಿಯಿಂದ ಎರಡೂವರೆ ಅಡಿ ಮೇಲಿರಲಿ. ಹಾಲೋ ಬ್ಲಾಕಿನ ಕಾಲು, ಮೇಲೆ ಕಡಪ ಕಲ್ಲು. ಕಲ್ಲು ನುಣುಪಾದ್ದರಿಂದ ಗೋರೆಗೆ ಏನೂ ಅಂಟುವುದಿಲ್ಲ. ಮುಂದೆ ಕೋಳಿಗೆ ಸಣ್ಣ ಕಿಂಡಿ, ಹತ್ತಲು ಏಣಿಹಲಗೆ. ಮೇಲರ್ಧ ಜಾಲರಿ, ಮಳೆ ಎರಚಲು ಹೊಡೆಯದಂತೆ ಸೂರು ಒಂದೂವರೆ ಅಡಿ ಮುಂದಕ್ಕೆ. ಗಳುವನ್ನು ಮೊಳೆ ಹೊಡೆದು ಕೂರಿಸದೆ ಎತ್ತಿ ತೆಗೆಯುವಂತೆ ಕಚ್ಚು ಮಾಡಿಸಬೇಕು. ಹಿಂಬದಿಯ ಗೋಡೆ ಪೂರ್ತಿ ಬಾಗಿಲಾಗಿರಲಿ, 5 ಅಡಿಯೂ ತೆರೆಯಲಿ. ಬಾಗಿಲ ಬುಡಕ್ಕೆ ಹೊಟ್ಟು ತಡೆಯಲು 4 ಇಂಚಿನ ಹಲಗೆ, ಅದೂ ಎತ್ತಿ ತೆಗೆಯುವಂಥದ್ದು. ಹಲಗೆ ತೆಗೆದರೆ, ನಿಂತುಕೊಂಡೇ, ಸೊಂಟ ಬಗ್ಗಿಸದೆ, ಉದ್ದ ಹಿಡಿಯ ಗೋರೆಯಿಂದ ಎಲ್ಲವನ್ನೂ ಕೆಳಗಿಟ್ಟ ಮಂಕರಿಗೆ ಎಳೆಯಬಹುದು. ಮಂಕರಿಯದ್ದನ್ನು ತಿಪ್ಪೆಯಲ್ಲಿ ಕೆಲವು ತಿಂಗಳು ಕೊಳೆಸಿ ತೆಂಗಿನ ಬುಡಕ್ಕೆ ಹಾಕಬೇಕು. ಹಸಿಯದನ್ನು ಹಾಕಿದರೆ ಎಳೆಗಿಡ ಸುಟ್ಟುಹೋಗುತ್ತದೆ.

ಇಷ್ಟಗಲ ಬಾಗಿಲು ಯಾಕೆ, ಎರಡಡಿ ಸಾಕು, ಮರ ಉಳಿಯುತ್ತದೆ ಎಂದು ಮರಗೆಲಸದವರು ಹೇಳುತ್ತಾರೆ. ಒಪ್ಪಬೇಡಿ.